ಬಳ್ಳಾರಿ ಸೀಮೆಯ ನೀರು ಮತ್ತು ರೋಗ: ವಾಯುಗುಣದ ಬದಲಾವಣೆಯ ದೃಷ್ಟಿಯಿಂದ ಒಂದು ವಿವೇಚನೆ

೧. ಪ್ರಸ್ತಾವನೆ

ನೀರಿನಿಂದ ಹರಡುವ ರೋಗಗಳೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಮಳೆ ಧಾರಾಕಾರವಾಗಿ ಸುರಿಯುವ, ನೆಲ ಜೌಗಾಗಿರುವ, ನದಿಗಳು ಕವಲೊಡೆದು ಕಡಲನ್ನು ಸೇರುವ ನಾಡು. ಕಾಲರಾ ರೋಗದ ತವರು ಗಂಗಾನದಿಯ ಮುಖಜಭೂಮಿಯೆಂಬುದನ್ನು ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಬಳ್ಳಾರಿಯಾದರೋ ಇದಕ್ಕೆ ತೀರ ಭಿನ್ನವಾದ ಸೀಮೆ. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಈ ಬಯಲಿನಲ್ಲಿ ವರ್ಷಕ್ಕೆ ಬೀಳುವ ಮಳೆ ಅರ್ಧ ಮೀಟರಿನ ಆಸುಪಾಸಿನದು. ಬೇಸಗೆಯಲ್ಲಿ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸನ್ನು ದಾಟುವುದು ವಾಡಿಕೆ. ಕಡಲು ಬಹುದೂರ. ಆದರೂ ವಾಂತಿಭೇದಿ, ವಿಷಮಶೀತಜ್ವರ ಮೊದಲಾದ ರೋಗಗಳು ಈ ಸೀಮೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ತಲೆದೋರಿವೆ. ಒಣನಾಡಿಗೆ ನೀರಿನ ರೋಗ ಬರುವುದು ಹೇಗೆ? ವಾಯುಗುಣ ಬದಲಾಗುತ್ತಿರುವ ಈ ಕಾಲದಲ್ಲಿ ಅದು ಹೆಚ್ಚುವ ಸಂಭವವುಂಟೆ? ಪ್ರಕೃತ ಲೇಖನದಲ್ಲಿ ಈ ಎರಡು ಪ್ರಶ್ನೆಗಳನ್ನು ವಿವೇಚಿಸಲಾಗಿದೆ.

ನಾವು ಪ್ರತಿಪಾದಿಸಬಯಸುವ ಅಂಶವನ್ನು ಮೊದಲೇ ಹೇಳಿಬಿಡುವುದು ಲೇಸು. ಬಳ್ಳಾರಿಯಂಥ ಒಳನಾಡಿನಲ್ಲಿ ರೋಗವನ್ನು ಹರಡುವುದು ಬಿಸಿಲೊಂದೇ ಅಲ್ಲ. ಅದಕ್ಕಿಂತ ಮಿಗಿಲಾಗಿ ನೀರಿನ ಅನಿಶ್ಚಿತತೆ. ನೀರು ಸಾಲದಾದಾಗಲೂ ರೋಗ ಬರುತ್ತದೆ, ನೀರು ಮಿತಿಮೀರಿದಾಗಲೂ ಬರುತ್ತದೆ. ವಾಯುಗುಣದ ಬದಲಾವಣೆ ಈ ಎರಡು ಬಾಗಿಲುಗಳನ್ನೂ ಹಿಂದಿಗಿಂತ ಹೆಚ್ಚು ಸಲ ತೆರೆಯುವಂಥದು. ಆದರೆ ಬಾಗಿಲಿನಿಂದ ಬಾಯಿಯವರೆಗಿನ ದಾರಿ ಮನುಷ್ಯನೇ ನಿರ್ಮಿಸಿದ ಕೆರೆ, ಕಾಲುವೆ, ಕೊಳವೆಗಳ ದಾರಿ. ಅದನ್ನು ಮುಚ್ಚುವುದು ನಮ್ಮ ಕೈಯಲ್ಲಿದೆ.

೨. ಸೀಮೆ ಮತ್ತು ಅದರ ನೀರು

ಬಳ್ಳಾರಿ, ಕುರುಗೋಡು, ಸಿರುಗುಪ್ಪ ತಾಲ್ಲೂಕುಗಳು ಬಹುಮಟ್ಟಿಗೆ ಕಪ್ಪುಮಣ್ಣಿನ ಬಯಲು. ಇಲ್ಲಿನ ಮಳೆ ಹೆಚ್ಚಾಗಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಆದರೆ ಜನರು ಕುಡಿಯುವ ನೀರಿನಲ್ಲಿ ದೊಡ್ಡ ಪಾಲು ಇಲ್ಲಿ ಬಿದ್ದ ಮಳೆಯದಲ್ಲ. ಪಶ್ಚಿಮ ಘಟ್ಟಗಳಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆಗಳು ಕೂಡಲಿಯಲ್ಲಿ ಒಂದಾಗಿ ಈ ಬಯಲನ್ನು ತಲುಪುತ್ತವೆ. ದಕ್ಷಿಣದಿಂದ ಬರುವ ವೇದಾವತಿ, ಎಂದರೆ ಹಗರಿ, ವರ್ಷದ ಬಹುಭಾಗ ಮರಳಿನ ಹಾಸಾಗಿದ್ದು, ಮಳೆಗಾಲದಲ್ಲಿ ಹರಿದು ತುಂಗಭದ್ರೆಯನ್ನು ಸೇರುತ್ತದೆ. ವಿಜಯನಗರದ ಕಾಲದಲ್ಲಿಯೇ ಸಿರುಗುಪ್ಪ, ದೇಶನೂರುಗಳ ಕಾಲುವೆಗಳು ಇಲ್ಲಿ ಗದ್ದೆಗಳಿಗೆ ನೀರುಣಿಸುತ್ತಿದ್ದುವು. ೧೯೫೩ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಮೇಲೆ ಬಲದಂಡೆಯ ಮೇಲ್ಮಟ್ಟದ ಮತ್ತು ಕೆಳಮಟ್ಟದ ಕಾಲುವೆಗಳು ಈ ಬಯಲಿನ ಸ್ವರೂಪವನ್ನೇ ಬದಲಿಸಿದುವು. ಜೋಳ, ಹತ್ತಿಗಳ ಸೀಮೆಯಲ್ಲಿ ಭತ್ತದ ಗದ್ದೆಗಳು ಹಬ್ಬಿದುವು.

ಕುಡಿಯುವ ನೀರಿನ ವಿಷಯದಲ್ಲಿ ಈ ಸೀಮೆಗೆ ಒಂದು ಇಕ್ಕಟ್ಟು ಉಂಟು. ಆಳವಾದ ಕೊಳವೆಬಾವಿಯ ನೀರಿನಲ್ಲಿ ರೋಗಾಣುಗಳು ಸಾಮಾನ್ಯವಾಗಿ ಕಡಮೆ. ಆದರೆ ಜಿಲ್ಲೆಯ ಅನೇಕ ಕಡೆಗಳಲ್ಲಿ ಅದು ಉಪ್ಪಾಗಿರುತ್ತದೆ, ಇಲ್ಲವೆ ಅದರಲ್ಲಿ ಫ್ಲೋರೈಡಿನ ಅಂಶ ಮಿತಿಮೀರಿರುತ್ತದೆ. ಲೀಟರಿಗೆ ೧.೫ ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗಳು ಕೆಡುತ್ತವೆ. ಆದಕಾರಣ ಜನರು ಕಾಲುವೆಯ ನೀರನ್ನು ಅವಲಂಬಿಸಿದ್ದಾರೆ. ಕಾಲುವೆ ಹರಿಯುವಾಗ ಊರ ಕುಡಿಯುವ ನೀರಿನ ಕೆರೆಯನ್ನು ತುಂಬಿಸಿಕೊಂಡು, ಕಾಲುವೆ ನಿಂತಾಗ ಆ ಸಂಗ್ರಹದಲ್ಲಿಯೇ ಬೇಸಗೆಯನ್ನು ಕಳೆಯುವುದು ಅನೇಕ ಹಳ್ಳಿಗಳ ಪದ್ಧತಿ. ಬಳ್ಳಾರಿ ನಗರಕ್ಕೂ ಅಲ್ಲೀಪುರ ಮತ್ತು ಮೋಕಾದ ಕೆರೆಗಳು ಇಂಥ ಆಸರೆ. ಆಳದ ನೀರಿನಲ್ಲಿ ಫ್ಲೋರೈಡಿನ ಭಯ, ಮೇಲಿನ ನೀರಿನಲ್ಲಿ ರೋಗಾಣುವಿನ ಭಯ. ಒಂದನ್ನು ತಪ್ಪಿಸಿಕೊಳ್ಳಲು ಹೋದವರು ಇನ್ನೊಂದನ್ನು ಎದುರಿಸಬೇಕಾಗಿದೆ.

೩. ರೋಗಾಣುವಿನ ಸ್ವಭಾವ

೧೮೫೪ರಲ್ಲಿ ಇಟಲಿಯ ಫಿಲಿಪ್ಪೋ ಪಾಚೀನಿ ಕಾಲರಾದಿಂದ ಸತ್ತವರ ಕರುಳಿನಲ್ಲಿ ಬಾಗಿದ ಆಕಾರದ ಸೂಕ್ಷ್ಮಜೀವಿಗಳನ್ನು ಕಂಡನು. ಅದೇ ವರ್ಷ ಲಂಡನ್ನಿನಲ್ಲಿ ಜಾನ್ ಸ್ನೋ ಎಂಬ ವೈದ್ಯನು ಈ ರೋಗ ಗಾಳಿಯಿಂದಲ್ಲ, ನೀರಿನಿಂದ ಹರಡುತ್ತದೆಂಬುದನ್ನು ತೋರಿಸಿದನು. ೧೮೮೪ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಆ ಜೀವಿಯನ್ನು ಬೇರ್ಪಡಿಸಿದುದಲ್ಲದೆ, ಜನರು ಬಳಸುತ್ತಿದ್ದ ಒಂದು ಕೆರೆಯ ನೀರಿನಲ್ಲಿಯೂ ಅದನ್ನು ಗುರುತಿಸಿದನು. ೧೯೫೯ರಲ್ಲಿ ಕಲ್ಕತ್ತೆಯ ವಿಜ್ಞಾನಿ ಶಂಭುನಾಥ ಡೇ ಅವರು ಈ ಸೂಕ್ಷ್ಮಜೀವಿ ಒಂದು ವಿಷವಸ್ತುವನ್ನು ಸ್ರವಿಸುತ್ತದೆಂದೂ ಕರುಳಿನಿಂದ ನೀರು ಸೋರಿಹೋಗಲು ಅದೇ ಕಾರಣವೆಂದೂ ಸಿದ್ಧಪಡಿಸಿದರು.

ಈ ಜೀವಿಯ ಬಾಳಿಗೆ ಎರಡು ನೆಲೆಗಳಿವೆ. ಒಂದು ಮನುಷ್ಯನ ಕರುಳು, ಇನ್ನೊಂದು ನೀರು. ನೀರಿನಲ್ಲಿ ಅದು ಬರಿಗಣ್ಣಿಗೆ ಕಷ್ಟದಿಂದ ಕಾಣುವ ಸಣ್ಣ ಕವಚಪ್ರಾಣಿಗಳ ಮೈಗೂ ನೀಲಿಹಸಿರು ಪಾಚಿಗೂ ಅಂಟಿಕೊಂಡು ಬದುಕಬಲ್ಲುದು. ಪರಿಸ್ಥಿತಿ ಪ್ರತಿಕೂಲವಾದಾಗ ಅದು ಸಾಯದೆ ಒಂದು ಬಗೆಯ ಸುಪ್ತಾವಸ್ಥೆಗೆ ಹೋಗುತ್ತದೆಂದೂ ಆಗ ಪ್ರಯೋಗಶಾಲೆಯ ಸಾಮಾನ್ಯ ವಿಧಾನಗಳಿಂದ ಅದನ್ನು ಬೆಳೆಸಿ ತೋರಿಸಲಾಗದೆಂದೂ ೧೯೮೨ರಲ್ಲಿ ರೀಟಾ ಕಾಲ್ವೆಲ್ ಮತ್ತು ಅವರ ಸಂಗಡಿಗರು ತಿಳಿಸಿದರು. ನೀರಿನ ಉಷ್ಣತೆ ಏರಿದಾಗ, ಪಾಚಿಯೂ ಸಣ್ಣ ಜಲಚರಗಳೂ ವೃದ್ಧಿಯಾದಾಗ ಈ ಜೀವಿಯ ಸಂಖ್ಯೆಯೂ ಏರುವುದು ಬಂಗಾಳ ಕೊಲ್ಲಿಯ ತೀರದಲ್ಲಿ ಕಂಡುಬಂದಿದೆ.

ಆದರೆ ಬಂಗಾಳದ ಅನುಭವವನ್ನು ಬಳ್ಳಾರಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಕಾಲರಾ ಜೀವಿಗೆ ಹೆಚ್ಚು ಒಗ್ಗುವುದು ಅಳಿವೆಗಳ ಸವಳು ನೀರು. ವಿಷಮಶೀತಜ್ವರದ ಜೀವಿಗೆ ಮನುಷ್ಯನ ಹೊರತು ಬೇರೆ ಆಶ್ರಯವೇ ಇಲ್ಲ. ಅದು ನೀರಿಗೆ ಬರುವುದು ಮನುಷ್ಯನ ಮಲದಿಂದ ಮಾತ್ರ. ಶುದ್ಧವಾದ ಬೆಚ್ಚನೆಯ ನೀರಿನಲ್ಲಿ, ಬಿಸಿಲಿನ ಕೆಳಗೆ, ಇಂಥ ಜೀವಿಗಳು ಬೇಗ ಸಾಯುವುದೂ ಉಂಟು. ಆಹಾರದಲ್ಲಾದರೋ ಅವು ಬಿಸಿಲಿನ ದಿನಗಳಲ್ಲಿ ಗಂಟೆಗಳೊಳಗೆ ಬೆಳೆಯುತ್ತವೆ. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೬ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಪ್ರಕಾರ, ಉಷ್ಣತೆ ಒಂದು ಡಿಗ್ರಿ ಏರಿದರೆ ಬ್ಯಾಕ್ಟೀರಿಯಗಳಿಂದ ಬರುವ ಅತಿಸಾರ ಸುಮಾರು ಶೇಕಡಾ ೭ರಷ್ಟು ಹೆಚ್ಚುತ್ತದೆ. ವೈರಸುಗಳಿಂದ ಬರುವುದರಲ್ಲಿ ಅಂಥ ಸಂಬಂಧ ಕಂಡಿಲ್ಲ. ಉಷ್ಣತೆಯ ಪ್ರಭಾವ ನಿಜವಾದುದೇ. ಆದರೆ ನಮ್ಮ ಸೀಮೆಯಲ್ಲಿ ಅದಕ್ಕಿಂತ ಬಲವಾದ ಕಾರಣಗಳಿವೆ. ಇದಕ್ಕೆ ಚರಿತ್ರೆಯೇ ಸಾಕ್ಷಿ.

೪. ಚರಿತ್ರೆಯ ಸಾಕ್ಷ್ಯ

೧೮೦೦ರಲ್ಲಿ ನಿಜಾಮನಿಂದ ಇಂಗ್ಲಿಷರಿಗೆ ಬಂದ ದತ್ತ ಜಿಲ್ಲೆಗಳಿಗೆ ಪ್ರಧಾನ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಮುಂದೆ ಮದರಾಸಿನ ಗವರ್ನರಾದ ಅವನು ಈ ಸೀಮೆಯನ್ನು ಕೊನೆಯದಾಗಿ ನೋಡಿಹೋಗಲೆಂದು ಬಂದಾಗ, ೧೮೨೭ರ ಜುಲೈ ೬ರಂದು, ಬಳ್ಳಾರಿಯ ಪೂರ್ವಕ್ಕಿರುವ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡನು. ರಾಜ್ಯದ ಅತ್ಯುನ್ನತ ಅಧಿಕಾರಿಯನ್ನೂ ಈ ರೋಗ ಬಿಡಲಿಲ್ಲವೆಂದ ಮೇಲೆ ಸಾಮಾನ್ಯ ಜನರ ಪಾಡನ್ನು ಊಹಿಸಿಕೊಳ್ಳಬಹುದು.

ನಮ್ಮ ವಾದಕ್ಕೆ ಇದಕ್ಕಿಂತ ಮುಖ್ಯವಾದುದು ಜನರು ಧಾತು-ಈಶ್ವರ ಬರವೆಂದು ನೆನೆಯುವ ೧೮೭೬-೭೮ರ ಕ್ಷಾಮ. ೧೮೭೬ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟುವು. ಶಾಂತಸಾಗರದ ನೀರು ಅಸಾಧಾರಣವಾಗಿ ಬಿಸಿಯೇರುವ ಎಲ್ ನಿನೊ ಎಂಬ ವಿದ್ಯಮಾನ ೧೮೭೭-೭೮ರಲ್ಲಿ ಅತಿ ತೀವ್ರವಾಗಿದ್ದುದನ್ನು ಈಗ ವಿಜ್ಞಾನಿಗಳು ಗುರುತಿಸಿದ್ದಾರೆ. ಮದರಾಸು ಪ್ರಾಂತದಲ್ಲಿ ಅತ್ಯಂತ ಹಾನಿಗೊಳಗಾದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ೧೮೭೭ರಲ್ಲಿ ಆ ಪ್ರಾಂತದಲ್ಲಿ ದಾಖಲಾದ ಕಾಲರಾ ಸಾವುಗಳೇ ಮೂರೂವರೆ ಲಕ್ಷಕ್ಕೂ ಹೆಚ್ಚು. ದಾಖಲಾಗದವುಗಳ ಲೆಕ್ಕ ಬೇರೆ.

ಮಳೆಯೇ ಇಲ್ಲದ ಕಾಲದಲ್ಲಿ ನೀರಿನ ರೋಗ ಇಷ್ಟು ಜನರನ್ನು ಕೊಂದಿತೆಂಬುದು ಮೇಲುನೋಟಕ್ಕೆ ವಿರೋಧಾಭಾಸದಂತೆ ತೋರುತ್ತದೆ. ವಾಸ್ತವವಾಗಿ ಅದರಲ್ಲಿ ವಿರೋಧವಿಲ್ಲ. ಬಾವಿಗಳು ಬತ್ತಿ, ಉಳಿದ ಒಂದೆರಡು ಹೊಂಡಗಳ ಬಳಿ ಊರುಗಳೆಲ್ಲ ನೆರೆದುವು. ಹೊಟ್ಟೆಪಾಡಿಗಾಗಿ ಜನರು ಊರು ತೊರೆದು ಪರಿಹಾರ ಕಾಮಗಾರಿಗಳಲ್ಲಿಯೂ ಗಂಜಿಯ ಶಿಬಿರಗಳಲ್ಲಿಯೂ ಗುಂಪುಗೂಡಿದರು. ಅಲ್ಲಿ ಬಹಿರ್ದೆಸೆಗೂ ಕುಡಿಯುವ ನೀರಿಗೂ ನಡುವೆ ಅಂತರವಿರಲಿಲ್ಲ. ಹಸಿದ ದೇಹದಲ್ಲಿ ಜಠರದ ಆಮ್ಲವೂ ಕುಗ್ಗಿರುತ್ತದೆ. ಸ್ವಯಂಸೇವಕರ ಮೇಲೆ ಮುಂದೆ ನಡೆದ ಪ್ರಯೋಗಗಳಿಂದ, ಜಠರಾಮ್ಲ ಸರಿಯಿದ್ದವರಲ್ಲಿ ಕಾಲರಾ ಉಂಟುಮಾಡಲು ಸುಮಾರು ಹತ್ತು ಕೋಟಿ ಜೀವಿಗಳು ಬೇಕಾದರೆ, ಆಮ್ಲವನ್ನು ತಟಸ್ಥಗೊಳಿಸಿದವರಲ್ಲಿ ಹತ್ತು ಸಾವಿರದಿಂದ ಒಂದು ಲಕ್ಷದಷ್ಟೇ ಸಾಕೆಂದು ತಿಳಿದುಬಂದಿದೆ. ಆಗ ಪ್ರಾಂತದ ಆರೋಗ್ಯಾಧಿಕಾರಿಯಾಗಿದ್ದ ಡಬ್ಲ್ಯು. ಆರ್. ಕಾರ್ನಿಷ್, ಸರ್ ರಿಚರ್ಡ್ ಟೆಂಪಲ್ ನಿಗದಿಮಾಡಿದ ದಿನಕ್ಕೆ ಒಂದು ಪೌಂಡು ಧಾನ್ಯದ ಕೂಲಿ ದೇಹಧಾರಣೆಗೆ ಸಾಲದೆಂದು ಬಲವಾಗಿ ವಿರೋಧಿಸಿದನು. ಆ ವಿವಾದ ಅನ್ನದ ವಿಷಯವಾಗಿ ತೋರಿದರೂ ರೋಗದ ವಿಷಯವೂ ಆಗಿತ್ತು.

೫. ಕೊರತೆಯ ದಾರಿ

ಈಗ ಅಂಥ ಶಿಬಿರಗಳಿಲ್ಲ. ಆದರೆ ಕೊರತೆಯ ದಾರಿ ಮುಚ್ಚಿಲ್ಲ. ಅದು ಕೊಳವೆಯೊಳಗೆ ಹೊಕ್ಕಿದೆ. ನೀರನ್ನು ಹಲವು ದಿನಗಳಿಗೊಮ್ಮೆ, ಕೆಲವು ಗಂಟೆಗಳ ಕಾಲ ಮಾತ್ರ ಬಿಡುವ ಪದ್ಧತಿಯನ್ನು ಬಳ್ಳಾರಿಯ ಜನರು ಚೆನ್ನಾಗಿ ಬಲ್ಲರು. ನೀರು ತುಂಬಿ ಹರಿಯುವಾಗ ಕೊಳವೆಯ ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಾಗಿರುತ್ತದೆ. ಬಿರುಕಿದ್ದರೆ ನೀರು ಹೊರಕ್ಕೆ ಸೋರುತ್ತದೆಯೇ ಹೊರತು ಏನೂ ಒಳಕ್ಕೆ ಬರುವುದಿಲ್ಲ. ಸರಬರಾಜು ನಿಂತು ಕೊಳವೆ ಬರಿದಾದಾಗ ಒತ್ತಡ ಇಳಿದು, ಅದೇ ಬಿರುಕಿನಿಂದ ಪಕ್ಕದ ಚರಂಡಿಯ ನೀರು ಒಳಕ್ಕೆ ಸೆಳೆಯಲ್ಪಡುತ್ತದೆ. ಮುಂದಿನ ಸಲ ನೀರು ಬಿಟ್ಟೊಡನೆ ಮೊದಲು ಮನೆಗೆ ಬರುವುದು ಆ ಮಲಿನಾಂಶವೇ. ನಲ್ಲಿಗೆ ಮನೆಯವರು ಪಂಪು ಜೋಡಿಸಿ ಎಳೆದರಂತೂ ಈ ಸೆಳೆತ ಇನ್ನೂ ಹೆಚ್ಚು.

ನೀರು ಯಾವಾಗ ಬರುವುದೋ ತಿಳಿಯದಿದ್ದಾಗ ಜನರು ಅದನ್ನು ಕೊಡ, ಡ್ರಮ್ಮು, ತೊಟ್ಟಿಗಳಲ್ಲಿ ದಿನಗಟ್ಟಲೆ ಕೂಡಿಡುತ್ತಾರೆ. ಚೊಂಬು ಅದ್ದಿ ತೆಗೆಯುವ ಕೈ ಎಷ್ಟು ಶುಚಿಯೋ ಆ ನೀರೂ ಅಷ್ಟೇ ಶುಚಿ. ನೀರಿಗೆ ತತ್ವಾರವಾದಾಗ ಮೊದಲು ಬಿಡುವುದು ಕೈ ತೊಳೆಯುವುದನ್ನು. ಹಗರಿಯ ಮರಳಿನಲ್ಲಿ ತೋಡಿದ ಒರತೆಯ ನೀರು ತಿಳಿಯಾಗಿ ಕಾಣಿಸಿದರೂ ದನಕರುಗಳೂ ಜನರೂ ಅದೇ ಹಾಸಿನಲ್ಲಿ ಓಡಾಡುತ್ತಾರೆಂಬುದನ್ನು ಮರೆಯಬಾರದು.

೬. ಅತಿವೃಷ್ಟಿಯ ದಾರಿ

ಎರಡನೆಯ ದಾರಿ ನೆರೆಯದು. ಇದರಲ್ಲಿ ಸಿರುಗುಪ್ಪದ ಸ್ಥಾನ ವಿಶಿಷ್ಟವಾದುದು. ಘಟ್ಟದಲ್ಲಿ ಮಳೆ ಹೆಚ್ಚಿ ಅಣೆಕಟ್ಟಿನ ಬಾಗಿಲುಗಳನ್ನು ತೆರೆದರೆ, ಊರಿನಲ್ಲಿ ಹನಿ ಬೀಳದಿದ್ದರೂ ಹೊಳೆಯ ನೀರು ಗದ್ದೆಗಳಿಗೆ ನುಗ್ಗುತ್ತದೆ.

೨೦೦೯ನೆಯ ವರ್ಷವನ್ನು ನಮ್ಮ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಆ ವರ್ಷ ದೇಶದ ಮುಂಗಾರು ವಾಡಿಕೆಗಿಂತ ಶೇಕಡಾ ೨೨ರಷ್ಟು ಕಡಮೆಯಾಗಿ, ಬರದ ವರ್ಷವೆಂದು ಎಣಿಕೆಯಾಗಿತ್ತು. ಅಂಥ ವರ್ಷದಲ್ಲಿಯೇ ಸೆಪ್ಟೆಂಬರ್ ತಿಂಗಳ ಕೊನೆಗೂ ಅಕ್ಟೋಬರ್ ಮೊದಲಿಗೂ ಉತ್ತರ ಕರ್ನಾಟಕದಲ್ಲಿ ಕೆಲವೇ ದಿನಗಳ ಮಳೆ ಮಹಾಪ್ರವಾಹವನ್ನು ತಂದಿತು. ತುಂಗಭದ್ರೆಯ ದಂಡೆಯ ಸಿರುಗುಪ್ಪ ಸೀಮೆಯೂ ಅದರ ಕೆಳಗಿನ ಮಂತ್ರಾಲಯ, ಕರ್ನೂಲುಗಳೂ ಜಲಾವೃತವಾದುವು. ಕೊರತೆ ಮತ್ತು ಅತಿರೇಕ ಬೇರೆ ಬೇರೆ ವರ್ಷಗಳಲ್ಲಿ ಬರಬೇಕೆಂದಿಲ್ಲ. ಒಂದೇ ವರ್ಷದಲ್ಲಿ ಒಂದರ ಬೆನ್ನಿಗೆ ಇನ್ನೊಂದು ಬರಬಹುದು.

ದೀರ್ಘಕಾಲ ಒಣಗಿದ ನೆಲದ ಮೇಲೆ ಸೇರಿದ ಮಲಿನಾಂಶಗಳನ್ನೆಲ್ಲ ಮೊದಲ ದೊಡ್ಡ ಮಳೆ ತೊಳೆದು ಬಾವಿ, ಕೆರೆ, ಕಾಲುವೆಗಳಿಗೆ ತರುತ್ತದೆ. ಶೌಚದ ಗುಂಡಿಗಳು ತುಂಬಿ ಹರಿಯುತ್ತವೆ. ನೀರು ಕೆಂಪಾಗಿ ಕದಡುತ್ತದೆ, ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣುಗಳು ಕ್ಲೋರಿನ್ನಿಗೆ ಸಿಗದೆ ಉಳಿಯುತ್ತವೆ. ಮರಳಿನ ಶೋಧಕಗಳು ಹೂಳಿನಿಂದ ಕಟ್ಟಿಕೊಳ್ಳುತ್ತವೆ. ಗದ್ದೆಯಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ, ಇಲಿಗಳ ಮೂತ್ರದಿಂದ ನೀರು ಸೇರುವ ಲೆಪ್ಟೊಸ್ಪೈರಾ ಎಂಬ ಜೀವಿಯ ಭಯವೂ ಉಂಟು.

ನಮ್ಮ ನೆರೆಯಲ್ಲಿ ಈಚೆಗೆ ನಡೆದ ಎರಡು ದುರಂತಗಳು ಎಚ್ಚರಿಕೆಯ ಮಾತನ್ನು ಹೇಳುತ್ತವೆ. ೨೦೨೧ರಲ್ಲಿ, ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿ ಗ್ರಾಮದಲ್ಲಿಯೂ, ೨೦೨೨ರಲ್ಲಿ ಹೊಳೆಯಾಚೆಯ ರಾಯಚೂರು ನಗರದಲ್ಲಿಯೂ ಕಲುಷಿತವಾದ ಕುಡಿಯುವ ನೀರಿನಿಂದ ಅನೇಕರು ಅಸ್ವಸ್ಥರಾದರು, ಸಾವುಗಳೂ ಸಂಭವಿಸಿದುವು. ಎರಡು ಕಡೆಯೂ ಜನರು ಕುಡಿದದ್ದು ಹೊಂಡದ ನೀರನ್ನಲ್ಲ, ಸರಬರಾಜಿನ ನೀರನ್ನು.

೭. ಕೆರೆಯ ಹಸಿರು ಮತ್ತು ಕ್ಲೋರಿನ್ನಿನ ಶಕ್ತಿ

ತುಂಗಭದ್ರಾ ಜಲಾಶಯದ ನೀರು ಈಚಿನ ಕೆಲವು ವರ್ಷಗಳಲ್ಲಿ ಮಳೆಗಾಲ ಕಳೆದ ಮೇಲೆ ಹಸಿರುಗಟ್ಟಿದುದನ್ನು ಜನರು ಕಂಡಿದ್ದಾರೆ. ಗೊಬ್ಬರದ ಸಾರಜನಕ ಮತ್ತು ರಂಜಕ, ನಿಂತ ನೀರು, ಬಿಸಿಲು ಕೂಡಿದರೆ ನೀಲಿಹಸಿರು ಪಾಚಿ ಹುಲುಸಾಗಿ ಬೆಳೆಯುತ್ತದೆ. ಊರ ಕೆರೆಗಳಲ್ಲಿಯೂ ಬೇಸಗೆಯಲ್ಲಿ ಇದೇ ಆಗುವುದು. ಇದರ ಪರಿಣಾಮವನ್ನು ರಸಾಯನಶಾಸ್ತ್ರದ ದೃಷ್ಟಿಯಿಂದ ನೋಡುವುದು ಉಪಯುಕ್ತ.

ಪಾಚಿಯು ಹಗಲಿನಲ್ಲಿ ನೀರಿನಿಂದ ಇಂಗಾಲಾಮ್ಲವನ್ನು ಹೀರುವುದರಿಂದ ನೀರಿನ ಕ್ಷಾರಗುಣ ಏರುತ್ತದೆ. ಕ್ಲೋರಿನ್ ನೀರಿನಲ್ಲಿ ಬೆರೆತಾಗ ಹೈಪೋಕ್ಲೋರಸ್ ಆಮ್ಲವೂ ಹೈಪೋಕ್ಲೋರೈಟ್ ಅಯಾನೂ ಆಗುತ್ತವೆ. ರೋಗಾಣುವನ್ನು ಕೊಲ್ಲುವುದರಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಅನೇಕ ಪಟ್ಟು ಸಮರ್ಥವಾದುದು. ನೀರಿನ ಪಿ.ಎಚ್. ಮೌಲ್ಯ ೭.೫ರಷ್ಟಿದ್ದರೆ ಎರಡೂ ಹೆಚ್ಚುಕಡಮೆ ಸಮವಾಗಿರುತ್ತವೆ, ಅದು ೮.೫ಕ್ಕೆ ಏರಿದರೆ ಸಮರ್ಥವಾದ ಆಮ್ಲ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದರ ಜೊತೆಗೆ ಪಾಚಿಯ ಜೈವಿಕಾಂಶವೇ ಕ್ಲೋರಿನ್ನನ್ನು ನುಂಗುತ್ತದೆ; ಬಿಸಿನೀರಿನಲ್ಲಿ ಕ್ಲೋರಿನ್ ಬೇಗ ಕ್ಷಯಿಸುತ್ತದೆ; ಉಗ್ರಾಣದಲ್ಲಿಟ್ಟ ಬ್ಲೀಚಿಂಗ್ ಪುಡಿಯೂ ಬಳ್ಳಾರಿಯ ಬೇಸಗೆಯಲ್ಲಿ ಸತ್ತ್ವಗುಂದುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಸಾಕಾಗುತ್ತಿದ್ದ ಪುಡಿಯ ಪ್ರಮಾಣವನ್ನೇ ಬೇಸಗೆಯಲ್ಲಿಯೂ ಹಾಕಿ ಕರ್ತವ್ಯ ಮುಗಿಯಿತೆಂದುಕೊಂಡರೆ ನೀರು ರಕ್ಷಿತವಾಗದು. ವಾಯುಗುಣವು ರೋಗಾಣುವನ್ನು ಬೆಳೆಸುವುದಕ್ಕಿಂತ ಹೆಚ್ಚಾಗಿ ನಮ್ಮ ಆಯುಧವನ್ನು ಮೊಂಡುಮಾಡುತ್ತದೆ.

೮. ವಾಯುಗುಣದ ಬದಲಾವಣೆ ಕೂಡಿಸುವುದೇನು?

ಭೂಮಿಯ ಸರಾಸರಿ ಉಷ್ಣತೆ ೨೦೧೧-೨೦ರ ದಶಕದಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕಿಂತ ಸುಮಾರು ೧.೧ ಡಿಗ್ರಿ ಹೆಚ್ಚಾಗಿತ್ತು. ಭಾರತದ ಸರಾಸರಿ ಉಷ್ಣತೆ ೧೯೦೧ರಿಂದ ೨೦೧೮ರ ಒಳಗೆ ಸುಮಾರು ೦.೭ ಡಿಗ್ರಿ ಏರಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇಕಡಾ ೭ರಷ್ಟು ಹೆಚ್ಚುತ್ತದೆ. ಇದರ ಫಲ ಎರಡು ಬಗೆ. ಮಳೆಯಿಲ್ಲದ ದಿನಗಳಲ್ಲಿ ಗಾಳಿ ಕೆರೆಯಿಂದಲೂ ಮಣ್ಣಿನಿಂದಲೂ ಹೆಚ್ಚು ನೀರನ್ನು ಹೀರುತ್ತದೆ. ಮಳೆ ಬಂದಾಗ ಕಡಮೆ ಅವಧಿಯಲ್ಲಿ ಹೆಚ್ಚು ಸುರಿಯುತ್ತದೆ. ಮಧ್ಯಭಾರತದಲ್ಲಿ ವಿಸ್ತಾರವಾದ ಅತಿವೃಷ್ಟಿಯ ಪ್ರಸಂಗಗಳು ೧೯೫೦ರಿಂದ ೨೦೧೫ರ ಅವಧಿಯಲ್ಲಿ ಮೂರು ಪಟ್ಟಾದುವೆಂದು ೨೦೧೭ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸುತ್ತದೆ. ಯಾವುದೇ ಒಂದು ಬರವನ್ನಾಗಲಿ ನೆರೆಯನ್ನಾಗಲಿ ಪೂರ್ಣವಾಗಿ ಈ ಬದಲಾವಣೆಗೆ ಆರೋಪಿಸುವುದು ಯುಕ್ತವಲ್ಲ. ೧೮೭೬ರ ಬರವೂ ಬಂದಿತ್ತಷ್ಟೆ. ಬದಲಾಗುತ್ತಿರುವುದು ಅವುಗಳ ಸಂಭವನೀಯತೆ.

ಇದೇ ವೇಳೆಗೆ ನಮ್ಮ ಸಂಗ್ರಹದ ಶಕ್ತಿ ಕುಗ್ಗಿದೆ. ಸುಮಾರು ೧೩೩ ಟಿ.ಎಂ.ಸಿ. ಅಡಿಗಳಷ್ಟಿದ್ದ ತುಂಗಭದ್ರಾ ಜಲಾಶಯದ ಧಾರಣಶಕ್ತಿ ಹೂಳಿನಿಂದ ಸುಮಾರು ೧೦೬ ಟಿ.ಎಂ.ಸಿ.ಗೆ ಇಳಿದಿದೆ. ೨೦೨೩ರ ಬರದಲ್ಲಿ ಜಲಾಶಯ ತುಂಬಲಿಲ್ಲ. ಮರುವರ್ಷ ಅದು ತುಂಬಿತು. ಆದರೆ ೨೦೨೪ರ ಆಗಸ್ಟ್ ೧೦ರ ರಾತ್ರಿ ೧೯ನೆಯ ಬಾಗಿಲು ಕೊಚ್ಚಿಹೋಗಿ, ಕೂಡಿಟ್ಟ ನೀರಿನಲ್ಲಿ ದೊಡ್ಡ ಪಾಲನ್ನು ಹೊರಬಿಡಬೇಕಾಯಿತು. ಒಂದೇ ಜಲಾಶಯವನ್ನು ನಂಬಿರುವ ಸೀಮೆಯ ಕುಡಿಯುವ ನೀರು ಎಷ್ಟು ಸೂಕ್ಷ್ಮವಾದ ಎಳೆಗೆ ಕಟ್ಟಿದೆಯೆಂಬುದು ಇದರಿಂದ ವ್ಯಕ್ತವಾಗುತ್ತದೆ.

೯. ಪರಿಹಾರದ ವಿಚಾರ

ಪರಿಹಾರಗಳು ಹೊಸವಲ್ಲ, ಅವನ್ನು ಕಾಲಕ್ಕೆ ತಕ್ಕಂತೆ ನಡೆಸುವುದು ಹೊಸದು. ಮೊದಲನೆಯದು ಕ್ಲೋರಿನ್. ಒಳ್ಳೆಯ ಬ್ಲೀಚಿಂಗ್ ಪುಡಿ ೧,೦೦೦ ಲೀಟರು ನೀರಿಗೆ ಸುಮಾರು ೨.೫ ಗ್ರಾಂ ಸಾಕು. ೫೦,೦೦೦ ಲೀಟರಿನ ಊರ ತೊಟ್ಟಿಗೆ ಇದು ೧೨೫ ಗ್ರಾಂ ಆಗುತ್ತದೆ. ಆದರೆ ಹಾಕಿದ್ದೆಷ್ಟು ಎಂಬುದಕ್ಕಿಂತ ಉಳಿದದ್ದೆಷ್ಟು ಎಂಬುದು ಮುಖ್ಯ. ಅರ್ಧ ಗಂಟೆಯ ನಂತರವೂ, ಕೊನೆಯ ಮನೆಯ ನಲ್ಲಿಯಲ್ಲಿಯೂ, ಲೀಟರಿಗೆ ಕನಿಷ್ಠ ೦.೨ ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಬೇಸಗೆಯಲ್ಲಿಯೂ ಮೊದಲ ಮಳೆಯ ವಾರದಲ್ಲಿಯೂ ಈ ಪರೀಕ್ಷೆ ದಿನನಿತ್ಯ ನಡೆಯತಕ್ಕದ್ದು. ಎರಡನೆಯದು, ಕೊಳವೆಗಳನ್ನು ಚರಂಡಿಯಿಂದ ದೂರವಿರಿಸಿ ಅವುಗಳಲ್ಲಿ ಸದಾ ಒತ್ತಡವಿರುವಂತೆ ನೋಡಿಕೊಳ್ಳುವುದು. ಮೂರನೆಯದು ಮನೆಯ ಮಟ್ಟದ ರಕ್ಷಣೆ. ನೀರನ್ನು ಕುದಿಸುವುದು ಎಲ್ಲಕ್ಕೂ ಮೇಲು. ಹಳೆಯ ಸೀರೆಯನ್ನು ನಾಲ್ಕು ಮಡಿಕೆಗಿಂತ ಕಡಮೆಯಾಗದಂತೆ ಮಡಿಸಿ ನೀರು ಸೋಸಿದುದರಿಂದ ಬಾಂಗ್ಲಾದೇಶದ ಮತ್ಲಬ್ ಗ್ರಾಮಗಳಲ್ಲಿ ಕಾಲರಾ ಶೇಕಡಾ ೪೮ರಷ್ಟು ಕಡಮೆಯಾಯಿತೆಂದು ೨೦೦೩ರಲ್ಲಿ ವರದಿಯಾಯಿತು. ಇದು ಅಲ್ಲಿನ ಕೊಳದ ನೀರಿಗೆ ಸಂಬಂಧಿಸಿದ್ದು. ಚರಂಡಿ ಬೆರೆತ ನೀರಿಗೆ ಸೋಸುವುದಷ್ಟೇ ಸಾಲದು.

ರೋಗ ಬಂದ ಮೇಲೆ ಪ್ರಾಣ ಉಳಿಸುವುದು ಕಳೆದುಹೋದ ನೀರು ಮತ್ತು ಲವಣಗಳನ್ನು ಒಡನೆಯೇ ತುಂಬುವುದರಿಂದ. ೧೯೭೧ರಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ, ಶೇಕಡಾ ೩೦ರ ಸುಮಾರಿನಲ್ಲಿದ್ದ ಸಾವಿನ ಪ್ರಮಾಣವನ್ನು ಶೇಕಡಾ ೪ರೊಳಗೆ ತಂದರು. ಗ್ಲೂಕೋಸಿನೊಡನೆ ಸೋಡಿಯಮ್ ಕೂಡಿಯೇ ಕರುಳಿನಿಂದ ಮೈಯೊಳಕ್ಕೆ ಸಾಗುತ್ತದೆ, ಅದರ ಹಿಂದೆ ನೀರೂ ಸಾಗುತ್ತದೆ. ಅಕ್ಕಿಯ ಪಿಷ್ಟವೂ ಕರುಳಿನಲ್ಲಿ ಗ್ಲೂಕೋಸಾಗುವುದರಿಂದ, ಲವಣಗಳ ಪೊಟ್ಟಣ ಕೈಗೆ ಬರುವವರೆಗೆ ಭತ್ತದ ಸೀಮೆಯ ಉಪ್ಪುಗಂಜಿ ಬರಿಯ ಸಂಪ್ರದಾಯವಲ್ಲ, ಶಾಸ್ತ್ರಸಮ್ಮತವಾದ ಉಪಾಯ.

೧೦. ಉಪಸಂಹಾರ

ಮೇಲಿನ ವಿವೇಚನೆಯಿಂದ ಬಳ್ಳಾರಿಯ ನೀರಿನ ರೋಗಗಳನ್ನು ಆಕಾಶ ಮತ್ತು ಕೊಳವೆ ಎರಡರ ಚರಿತ್ರೆಯಾಗಿ ಓದಬೇಕೆಂಬುದು ಸ್ಪಷ್ಟವಾಗುತ್ತದೆ. ಇದರಲ್ಲಿ ಕಾಲೇಜುಗಳು ಮಾಡಬಹುದಾದ ಕೆಲಸವೊಂದಿದೆ. ಮಳೆಯ ದಾಖಲೆ ಒಂದು ಕಚೇರಿಯಲ್ಲಿ, ಕಾಲುವೆಯ ದಾಖಲೆ ಇನ್ನೊಂದರಲ್ಲಿ, ಅತಿಸಾರದ ದಾಖಲೆ ಮತ್ತೊಂದರಲ್ಲಿ ಇರುತ್ತದೆ. ಈ ಮೂರನ್ನೂ ವಾರವಾರಕ್ಕೆ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಕಾಲುವೆ ನಿಂತ ವಾರ, ಮೊದಲ ಮಳೆಯ ವಾರ, ರೋಗದ ವಾರ ಇವುಗಳ ಸಂಬಂಧ ಬೆಳಕಿಗೆ ಬರುವುದು. ನೀರಿನಲ್ಲಿ ಮಲಿನಾಂಶವಿದ್ದರೆ ಸೀಸೆ ಕಪ್ಪಾಗುವ ಸುಲಭ ಪರೀಕ್ಷೆಯನ್ನು ನಮ್ಮ ದೇಶದ ವಿಜ್ಞಾನಿಗಳು ೧೯೮೨ರಲ್ಲಿಯೇ ರೂಪಿಸಿಕೊಟ್ಟಿದ್ದಾರೆ. ಸಿರುಗುಪ್ಪದ ಅಥವಾ ಕುರುಗೋಡಿನ ಒಬ್ಬ ವಿದ್ಯಾರ್ಥಿ ತನ್ನ ಊರ ಕೆರೆಯ ನೀರನ್ನೂ ತನ್ನ ಮನೆಯ ಕೊಡದ ನೀರನ್ನೂ ಒಂದು ವರ್ಷ ಹೀಗೆ ಪರೀಕ್ಷಿಸಿ ಬರೆದಿಟ್ಟರೆ, ಅದು ಈ ಸೀಮೆಯ ಆರೋಗ್ಯಕ್ಕೆ ಸಲ್ಲುವ ಅಮೂಲ್ಯವಾದ ಸಂಶೋಧನೆಯ ಮೊದಲ ಪುಟವಾಗುತ್ತದೆ. ಮಳೆಯನ್ನು ನಾವು ನಿಯಮಿಸಲಾರೆವು; ಆದರೆ ಕೊಡಕ್ಕೆ ಬರುವ ನೀರಿನ ಹೊಣೆ ನಮ್ಮದು.